ಕಾಳು ಕಡಿಯುವ ಹಲ್ಲು

೨೦೦೮ರ ಹೊತ್ತಿಗೆ ನಾನು ಬಸವಕಲ್ಯಾಣದಲ್ಲಿ ದಂತವೈದ್ಯೆಯಾಗಿ ಹತ್ತು ವರ್ಷ ದಾಟಿತ್ತು. ವಾರದಲ್ಲಿ ಎರಡು ಮಧ್ಯಾಹ್ನ ಹುಮನಾಬಾದ್‌ಗೆ ಹೋಗಿ, ಗಂಜ್‌ನ ಹಿಂದಿನ ರಸ್ತೆಯಲ್ಲಿ ಬಾಡಿಗೆಗೆ ಹಿಡಿದ ಒಂದು ಕೋಣೆಯಲ್ಲಿ ರೋಗಿಗಳನ್ನು ನೋಡುತ್ತಿದ್ದೆ. ಗಂಜ್ ಎಂದರೆ ನಮ್ಮ ಕಡೆ ಧಾನ್ಯದ ಮಾರುಕಟ್ಟೆ. ಸುಗ್ಗಿಯಲ್ಲಿ ತೊಗರಿಯ ದೂಳು ಕಿಟಕಿಯಿಂದ ತೂರಿಬಂದು ಉಪಕರಣದ ತಟ್ಟೆಯ ಮೇಲೆ ಕೂರುತ್ತಿತ್ತು. ಒರೆಸಿ ಒರೆಸಿ ಸಾಕಾಗಿ ಕೊನೆಗೆ ಕಿಟಕಿಯನ್ನೇ ಮುಚ್ಚಿಸಿದ್ದೆ.

ಇಲ್ಲಿ ಹೇಳಹೊರಟಿರುವ ಪ್ರಕರಣದಿಂದ ನನ್ನ ಬಳಿ ಈಗ ಉಳಿದಿರುವುದು ಒಂದು ಪ್ಲಾಸ್ಟರ್ ಅಚ್ಚು, ಎರಡು ಕಾಗದದ ಪೊಟ್ಟಣ ಮತ್ತು ದಿನಚರಿಯ ಕೆಲವು ಸಾಲು. ಮಿಕ್ಕಿದ್ದೆಲ್ಲ ನೆನಪು. ನನ್ನ ನೆನಪಿನ ಮೇಲೆ ನನಗೆ ಅಷ್ಟಾಗಿ ಭರವಸೆಯಿಲ್ಲ. ವೀರಶೆಟ್ಟಪ್ಪನವರು ಮೊದಲ ಸಲ ಬಂದ ದಿನ ಜೋರು ಮಳೆ ಸುರಿಯುತ್ತಿತ್ತೆಂದು ಎಷ್ಟೋ ಜನರಿಗೆ ಹೇಳಿದ್ದೇನೆ. ದಿನಚರಿ ತೆಗೆದು ನೋಡಿದರೆ ಅಂದು ಕರೆಂಟ್ ಇರಲಿಲ್ಲ, ಸೆಕೆಯಿತ್ತು ಎಂದಷ್ಟೇ ಇದೆ. ಆ ಮಳೆಯನ್ನು ಎಲ್ಲಿಂದ ತಂದೆನೋ ಗೊತ್ತಿಲ್ಲ. ಆದ್ದರಿಂದ ಅವರ ಮಾತುಗಳನ್ನು ಕಿವಿಯಲ್ಲಿ ಉಳಿದಂತೆ ಬರೆಯುತ್ತಿದ್ದೇನೆ, ಆಣೆ ಮಾಡಿ ಹೇಳುವವಳಂತೆ ಅಲ್ಲ.

ಅವರು ಬಂದದ್ದು ಹೆಂಡತಿ ಈರಮ್ಮನವರ ಜೊತೆ. ಅರವತ್ತರ ಆಸುಪಾಸಿನ ಎತ್ತರದ ಮನುಷ್ಯ. ಹಣೆಯಲ್ಲಿ ವಿಭೂತಿ, ತಲೆಯ ಮೇಲೆ ಬಿಳಿ ಟೋಪಿ. ಕೆನ್ನೆಗಳು ಒಳಗೆ ಸೇದಿಕೊಂಡಿದ್ದವು. ಕುರ್ಚಿಯಲ್ಲಿ ಕೂರುವ ಮುಂಚೆಯೇ ಅಂಗಿಯ ಕಿಸೆಯಿಂದ ಕರವಸ್ತ್ರದ ಗಂಟು ತೆಗೆದು ಬಿಚ್ಚಿದರು. ಒಳಗೆ ಕೆಳದವಡೆಗೆ ಹಾಕುವ, ಗುಲಾಬಿ ಬಣ್ಣದ ಪ್ಲಾಸ್ಟಿಕ್ಕಿನ ಹಲ್ಲಿನ ಸೆಟ್ ಇತ್ತು. ಬೇರೆಲ್ಲೋ ಮಾಡಿಸಿದ್ದು, ನಡುವೆ ಬಿರುಕು ಬಿಟ್ಟಿತ್ತು.

“ಇದು ಬಾಯಾಗ ನಿಂದ್ರಂಗಿಲ್ರಿ ಡಾಕ್ಟರಬಾಯಿ. ಮಾತಾಡಿದ್ರ ಏಳ್ತದ, ಉಂಡ್ರ ಬೀಳ್ತದ,” ಎಂದರು.

ಈರಮ್ಮನವರಿಗೆ ಅಷ್ಟು ಸಾಲಲಿಲ್ಲ. “ರೊಟ್ಟಿ ಹಾಲಾಗ ಅದ್ದಿ ಅದ್ದಿ ನುಂಗ್ತಾರ್ರಿ. ನುಂಗಿದ್ದು ಮೈಗಿ ಹತ್ತಬೇಕಲ್ಲ? ಅಂಗಿ ಗೂಟಕ್ಕ ಹಾಕಿದಂಗ ಕಾಣ್ತಾರ, ನೀವೇ ನೋಡ್ರಿ.”

ಕೆಳದವಡೆಯಲ್ಲಿ ಮುಂದಿನ ಹಲ್ಲುಗಳು ಇದ್ದವು. ಎಡಗಡೆ ಹಿಂದೆ ಒಂದೂ ಇರಲಿಲ್ಲ. ಬಲಗಡೆ ಉದ್ದದ ಖಾಲಿ ಜಾಗ ದಾಟಿದರೆ ಕೊನೆಯಲ್ಲಿ ಒಂದೇ ಒಂದು ದವಡೆ ಹಲ್ಲು. ಮೇಲೆ ಅದಕ್ಕೆ ಎದುರಾಗಿ ಒಂದು ಹಲ್ಲಿತ್ತು. ಇಡೀ ಬಾಯಲ್ಲಿ ಮೇಲೆ ಕೆಳಗೆ ಕೂಡುವ ದವಡೆ ಹಲ್ಲಿನ ಜೋಡಿ ಅದೊಂದೇ. ಕೆಳಗಿನದನ್ನು ಬೆರಳಿನಿಂದ ಮುಟ್ಟಿದೆ, ಸ್ವಲ್ಪ ಅಲುಗಿತು. ವಸಡು ಇಳಿದು ಬೇರಿನ ಭಾಗ ಕಾಣುತ್ತಿತ್ತು.

“ಇದು ಅಲಗಾಡಾಕತ್ತದ ಕಾಕಾ. ತಗದುಬಿಟ್ಟು, ಆಮ್ಯಾಲ ಪೂರ್ತಿ ಹೊಸಾ ಸೆಟ್ ಹಾಕೋಣ,” ಎಂದೆ.

ಅವರು ಬಾಯಿ ಮುಚ್ಚಿಬಿಟ್ಟರು. ನನ್ನ ಬೆರಳು ಇನ್ನೂ ತುಟಿಯ ಹತ್ತಿರವೇ ಇತ್ತು.

“ಅದೊಂದು ಬಿಟ್ಟು ಏನರೆ ತಗೀರಿ. ಅದು ನಂದಲ್ಲ. ಗಂಜ್‌ದು.”

“ಗಂಜ್‌ದಂತ, ಗಂಜ್‌ದು!” ಈರಮ್ಮ ನನ್ನ ಕಡೆ ತಿರುಗಿದರು. “ಹೇಣ್ತಿ ಮಾಡಿದ ರೊಟ್ಟಿಗಿ ಹಲ್ಲಿಲ್ಲ, ಸಾಹುಕಾರನ ಕಾಳಿಗಿ ಹಲ್ಲದ.”

ಆಗ ತಿಳಿಯಿತು. ವೀರಶೆಟ್ಟಪ್ಪನವರು ಗಂಜ್‌ನ ಒಂದು ಅಡತಿ ಅಂಗಡಿಯಲ್ಲಿ, ಎಂದರೆ ರೈತರ ಮಾಲನ್ನು ಮಾರಿಸಿಕೊಡುವ ಅಂಗಡಿಯಲ್ಲಿ, ಹರೆಯದಿಂದಲೂ ಕಾಳು ನೋಡುವ ಕೆಲಸದಲ್ಲಿದ್ದರು. ತೊಗರಿ, ಹೆಸರು, ಕಡಲೆ ಯಾವುದೇ ಬರಲಿ, ಚೀಲದಿಂದ ನಾಲ್ಕು ಕಾಳು ತೆಗೆದು ಒಂದನ್ನು ಆ ದವಡೆ ಹಲ್ಲುಗಳ ನಡುವೆ ಇಟ್ಟು ಕಡಿಯುವರು. ಕಾಳು ಒಡೆದ ರೀತಿಯ ಮೇಲೆ ಒಣಗಿದೆಯೋ ಹಸಿಯಿದೆಯೋ ಹೇಳುವರು. ಹಸಿ ಎಂದರೆ ರೈತನಿಗೆ ದರ ಕಡಿಮೆ. ಹಸಿಯಿದ್ದದ್ದನ್ನು ಒಣಗಿದೆ ಎಂದು ಕೊಂಡರೆ ಗೋದಾಮಿನಲ್ಲಿ ಕಾಳು ಬಿಸಿಯೇರಿ ಬೂಸ್ಟು ಹಿಡಿದು ವ್ಯಾಪಾರಿಯ ಮಾಲು ಹಾಳು. ಅವರು ಹೇಳಿದ್ದನ್ನು ಎರಡೂ ಕಡೆಯವರು ಒಪ್ಪುತ್ತಿದ್ದರಂತೆ. ಈ ‘ಅಂತೆ’ಯನ್ನು ಬೇಕೆಂದೇ ಬರೆದಿದ್ದೇನೆ. ಅವರ ತೀರ್ಮಾನಗಳು ಎಷ್ಟು ಸಲ ಸರಿಯಾಗಿದ್ದವೆಂದು ಯಾರೂ ಲೆಕ್ಕ ಇಟ್ಟಿರಲಿಲ್ಲ. ಒಪ್ಪುತ್ತಿದ್ದರು ಎನ್ನುವುದು ಮಾತ್ರ ನಿಜ.

ಒಂದು ಹಲ್ಲು ಅದನ್ನೆಲ್ಲ ಹೇಗೆ ತಿಳಿಯುತ್ತದೆ ಎಂಬುದರಲ್ಲಿ ನನಗೆ ಆಶ್ಚರ್ಯವಿರಲಿಲ್ಲ. ಹಲ್ಲಿನ ಬೇರಿಗೂ ದವಡೆಯ ಎಲುಬಿಗೂ ನಡುವೆ ತೆಳುವಾದ ನಾರಿನ ಪದರವಿದೆ. ಅದರಲ್ಲಿ ನರಗಳಿವೆ. ಅನ್ನದಲ್ಲಿ ಮರಳಿನ ಒಂದು ಕಣವಿದ್ದರೂ ನಾವು ತಟ್ಟನೆ ಬಾಯಿ ನಿಲ್ಲಿಸುವುದು ಆ ಪದರದಿಂದಲೇ. ಇದನ್ನು ಕಾಲೇಜಿನಲ್ಲಿ ಓದಿ, ಪರೀಕ್ಷೆಯಲ್ಲಿ ಬರೆದು ಬಂದವಳು ನಾನು. ಅದನ್ನೇ ನೆಚ್ಚಿ ಹೊಟ್ಟೆ ಹೊರೆಯುವ ಮನುಷ್ಯನೊಬ್ಬ ಇರಬಹುದೆಂದು ಮಾತ್ರ ಯೋಚಿಸಿರಲಿಲ್ಲ.

ಹೀಗಾಗಿ ಅವರ ಬಾಯಿಗೆ ಎರಡು ಬೇಡಿಕೆ ಇದ್ದವು. ಊಟಕ್ಕೆ ಗಟ್ಟಿಯಾದ ಸೆಟ್ ಬೇಕು. ಕಾಳಿಗೆ ಆ ಹಲ್ಲು ಉಳಿಯಬೇಕು.

ಪ್ಲಾಸ್ಟಿಕ್ಕಿನ ಸೆಟ್ ಬಿಟ್ಟರೆ ಇದ್ದ ದಾರಿ ಲೋಹದ ಚೌಕಟ್ಟಿನ ಪಾರ್ಶಿಯಲ್ ಡೆಂಚರ್. ಕೋಬಾಲ್ಟ್ ಕ್ರೋಮಿಯಂ ಲೋಹದ ತೆಳ್ಳನೆಯ ಅಸ್ಥಿಪಂಜರವೊಂದು ದವಡೆಯ ಒಳಬದಿಯಲ್ಲಿ ಕೂರುತ್ತದೆ. ಅದರಿಂದ ಹೊರಟ ಕೊಕ್ಕೆಗಳು ಉಳಿದ ಹಲ್ಲುಗಳನ್ನು ಹಿಡಿದುಕೊಳ್ಳುತ್ತವೆ. ಇಲ್ಲದ ಹಲ್ಲುಗಳ ಜಾಗದಲ್ಲಿ ಕೃತಕ ಹಲ್ಲು ಜೋಡಿಸಲಾಗುತ್ತದೆ. ಇದನ್ನು ಬೇಕಾದಾಗ ರೋಗಿಯೇ ತೆಗೆದು ಹಾಕಿಕೊಳ್ಳಬಹುದು. ಆವರೆಗೆ ಇದು ಪೂರ್ತಿ ಕೈಕೆಲಸವಾಗಿತ್ತು. ನಾನು ಬಾಯಿಯ ಅಚ್ಚು ತೆಗೆದು ಬಸ್ಸಿನಲ್ಲಿ ಹೈದರಾಬಾದಿಗೆ ಕಳಿಸುವುದು, ಅಲ್ಲಿನ ಲ್ಯಾಬ್‌ನಲ್ಲಿ ಪ್ಲಾಸ್ಟರಿನ ಮೇಲೆ ಮೇಣದ ಎಳೆಗಳನ್ನು ಕೂರಿಸಿ ಲೋಹ ಎರೆಯುವುದು. ನನ್ನ ಅನುಭವದಲ್ಲಿ ಬಂದ ಚೌಕಟ್ಟುಗಳು ಒಂದು ಕಡೆ ಕೂತರೆ ಇನ್ನೊಂದು ಕಡೆ ಏಳುತ್ತಿದ್ದವು. ಉಜ್ಜಿ ಉಜ್ಜಿ ಕೂರಿಸಿದರೆ ಸಡಿಲ. ಸಡಿಲವಾದ ಚೌಕಟ್ಟು ಅಲುಗುವ ಹಲ್ಲಿಗೆ ಪ್ರತಿ ತುತ್ತಿಗೂ ಪೆಟ್ಟು ಕೊಡುತ್ತದೆ.

ಅದೇ ವರ್ಷ ಹೈದರಾಬಾದಿನಲ್ಲಿ ನನ್ನ ಸಹಪಾಠಿಯೊಬ್ಬರು ನಡೆಸುತ್ತಿದ್ದ ಲ್ಯಾಬ್‌ಗೆ ಹೊಸ ವ್ಯವಸ್ಥೆ ಬಂದಿತ್ತು. ಅಚ್ಚನ್ನು ಸ್ಕ್ಯಾನ್ ಮಾಡಿ, ಚೌಕಟ್ಟನ್ನು ಕಂಪ್ಯೂಟರಿನಲ್ಲೇ ರಚಿಸಿ, ಅದರ ಮಾದರಿಯನ್ನು ಯಂತ್ರದಿಂದಲೇ ಪದರ ಪದರವಾಗಿ ತಯಾರಿಸಿ, ಅನಂತರ ಲೋಹದಲ್ಲಿ ಎರೆಯುವುದು. ವೀರಶೆಟ್ಟಪ್ಪನವರ ಅಚ್ಚನ್ನು ಈ ಸಲ ಪಾರ್ಸೆಲ್ ಮಾಡಲಿಲ್ಲ. ಹತ್ತಿಯಲ್ಲಿ ಸುತ್ತಿ ತೊಡೆಯ ಮೇಲಿಟ್ಟುಕೊಂಡು ನಾನೇ ಹೋದೆ.

ಅಲ್ಲಿ ವಿನ್ಯಾಸದ ಕೆಲಸ ನೋಡುತ್ತಿದ್ದವನು ಶ್ರೀನಿವಾಸ ಎಂಬ ತಂತ್ರಜ್ಞ. ತೆಲುಗಿನವನು, ಹಿಂದಿ ಇಂಗ್ಲಿಷ್ ಬೆರೆಸಿ ಮಾತಾಡುತ್ತಿದ್ದ. ಮೌಸ್ ಬದಲು ಅವನ ಕೈಯಲ್ಲಿ ಒಂದು ಪೆನ್ನಿತ್ತು. ಪೆನ್ನಿನ ಹಿಂಬದಿ ಲೋಹದ ಒಂದು ತೋಳಿಗೆ ಜೋಡಣೆಯಾಗಿತ್ತು. “ಹಿಡಿದು ನೋಡಿ ಮೇಡಂ” ಎಂದು ನನ್ನ ಕೈಗೆ ಕೊಟ್ಟ.

ಪರದೆಯ ಮೇಲೆ ವೀರಶೆಟ್ಟಪ್ಪನವರ ದವಡೆ ಬೂದು ಬಣ್ಣದಲ್ಲಿ ತೇಲುತ್ತಿತ್ತು. ಪೆನ್ನನ್ನು ಗಾಳಿಯಲ್ಲಿ ಇಳಿಸಿದೆ. ಪರದೆಯಲ್ಲಿ ಅದರ ತುದಿ ಬಲಗಡೆಯ ಆ ಒಂಟಿ ಹಲ್ಲನ್ನು ತಾಗಿದೊಡನೆ ನನ್ನ ಕೈ ನಿಂತಿತು. ಮೇಜಿನ ಮೇಲೆ ಏನೂ ಇರಲಿಲ್ಲ, ಆದರೂ ಏನೋ ತಡೆಯಿತು. ಹಲ್ಲಿನ ಇಳಿಜಾರು, ಸವೆದ ನೆತ್ತಿ, ನಡುವಿನ ತಗ್ಗು ಎಲ್ಲವೂ ಬೆರಳಿಗೆ ಬಂದವು. ಇಲ್ಲದ ವಸ್ತುವನ್ನು ಮುಟ್ಟಿ ನನಗಾದ ಖುಷಿಯನ್ನು ಅಂದಿನ ದಿನಚರಿಯಲ್ಲಿ ಬರೆದುಕೊಂಡಿದ್ದೇನೆ. ಈಗ ಅದನ್ನು ಓದಲು ಕಷ್ಟವಾಗುತ್ತದೆ.

ಶ್ರೀನಿವಾಸ ಮೊದಲು ರಚಿಸಿದ ಚೌಕಟ್ಟಿನಲ್ಲಿ ಒಂದು ಬಲವಾದ ಕೊಕ್ಕೆ ಆ ಒಂಟಿ ಹಲ್ಲನ್ನೇ ಅಪ್ಪಿತ್ತು. ಹಲ್ಲಿನ ನೆತ್ತಿಯ ಮೇಲೆ ಲೋಹದ ಒಂದು ಚಿಕ್ಕ ನಾಲಗೆ ಕೂತಿತ್ತು.

“ಅದನ್ನು ಬಿಡಬೇಕು. ಆ ಹಲ್ಲಿನ ಮೇಲೆ ಏನೂ ಬರಕೂಡದು,” ಎಂದೆ.

“ಮೇಡಂ, ಹಿಂದೆ ಆಧಾರ ಅಂತ ಇರೋದು ಅದೊಂದೇ. ಅದನ್ನು ಬಿಟ್ಟರೆ ಸೆಟ್ ಎರಡೂ ಕಡೆ ವಸಡಿನ ಮೇಲೆ ಕೂರಬೇಕು, ಏಳುತ್ತೆ. ಹಿಡಿದರೆ ಹಲ್ಲೂ ಸ್ವಲ್ಪ ಗಟ್ಟಿ ನಿಲ್ಲಬಹುದು.”

“ನಿಲ್ಲದೆ ಹೋದರೆ?”

“ಭಾರ ತಾಳದೆ ಬೇಗ ಬೀಳಬಹುದು.” ಅವನು ಪೆನ್ನು ಕೆಳಗಿಟ್ಟ. “ಎರಡೂ ಆಗಬಹುದು. ಕಂಪ್ಯೂಟರ್ ಹಲ್ಲಿನ ಆಕಾರ ಹೇಳುತ್ತೆ, ಅದರ ಆಯುಸ್ಸು ಹೇಳಲ್ಲ.”

ಹಲ್ಲಿನ ನೆತ್ತಿಯ ಮೇಲೆ ಲೋಹ ಕೂತರೆ ಅಲ್ಲಿ ಕಾಳು ಇಟ್ಟು ಕಡಿಯುವಂತಿಲ್ಲ. ಅದನ್ನು ವಿವರಿಸಿದೆ. ಅವನು ಮೊದಲು ನಕ್ಕ, ಆಮೇಲೆ ಗಂಭೀರನಾದ. ಇಬ್ಬರೂ ಸೇರಿ ಹೊಸದಾಗಿ ರಚಿಸಿದೆವು. ಚೌಕಟ್ಟು ಆ ಹಲ್ಲಿನ ಒಳಬದಿಯಿಂದ, ತಾಗದೆ, ಹಾದುಹೋಗುತ್ತಿತ್ತು. ಮುಗಿಸುವ ಮುಂಚೆ ಶ್ರೀನಿವಾಸ ಅಲ್ಲಿ, ಹಲ್ಲಿನ ಬುಡದ ಪಕ್ಕ, ಲೋಹದ ಸಣ್ಣ ಜಾಳಿಯೊಂದನ್ನು ಸೇರಿಸಿದ. ಮುಂದೆ ಹಲ್ಲು ಬಿದ್ದರೆ ಚೌಕಟ್ಟನ್ನು ಹೊಸದಾಗಿ ಮಾಡಿಸಬೇಕಿಲ್ಲ, ಆ ಜಾಳಿಗೆ ಕೃತಕ ಹಲ್ಲೊಂದನ್ನು ಅಂಟಿಸಿದರೆ ಸಾಕು. ಒಳ್ಳೆಯ ವಿನ್ಯಾಸಕಾರರೆಲ್ಲ ಮಾಡುವ ಕೆಲಸ. ನಾನೂ ಒಪ್ಪಿದೆ.

ಡಿಸೆಂಬರಿನಲ್ಲಿ ಸೆಟ್ ಬಂತು. ಬಾಯಲ್ಲಿಟ್ಟು ಒತ್ತಿದೆ. ಒಂದು ಸಣ್ಣ ಸದ್ದು ಮಾಡಿ ಕೂತಿತು. ಉಜ್ಜುವುದು, ತಿದ್ದುವುದು ಏನೂ ಬೇಕಾಗಲಿಲ್ಲ. ನನ್ನ ಕೈಯಲ್ಲಿ ಅಂಥದ್ದು ಅದುವರೆಗೆ ಆಗಿರಲಿಲ್ಲ. ಈರಮ್ಮ ಸೆರಗಿನ ಗಂಟಿನಿಂದ ಖಡಕ್ ರೊಟ್ಟಿಯ ಚೂರೊಂದನ್ನು ತೆಗೆದು ಗಂಡನ ಕೈಗಿಟ್ಟರು. ಪರೀಕ್ಷೆಗೆಂದೇ ಮನೆಯಿಂದ ತಂದಿದ್ದರು. ವೀರಶೆಟ್ಟಪ್ಪನವರು ಕಟಕಟ ಅಗಿದು ನುಂಗಿದರು.

“ಹಾಲಿಲ್ದ ಹೋತು ನೋಡ್ರಿ!” ಎಂದು ಈರಮ್ಮ ನನ್ನ ಕೈ ಹಿಡಿದರು.

ವೀರಶೆಟ್ಟಪ್ಪನವರ ನಾಲಗೆ ಬಾಯೊಳಗೆ ಸುತ್ತಾಡುತ್ತಿತ್ತು. ಹೊಸ ಸೆಟ್ ಹಾಕಿದವರೆಲ್ಲ ಹಾಗೆ ಮಾಡುತ್ತಾರೆ. ಬಲಗಡೆ ಹಿಂದೆ ಹೋಗಿ ನಾಲಗೆ ನಿಂತಿತು. ಸೆಟ್ ತೆಗೆದು ಬೆಳಕಿಗೆ ಹಿಡಿದರು.

“ಇಲ್ಲಿ ಈ ಜಾಳಿ ಯಾಕ್ರಿ? ಇಲ್ಲಿ ಹಲ್ಲೂ ಇಲ್ಲ, ಕೊಕ್ಕಿನೂ ಇಲ್ಲ.”

ಸುಳ್ಳು ಹೇಳಬಹುದಿತ್ತು. ಹೇಳಲಿಲ್ಲ. “ಮುಂದ ಎಂದಾರ ಆ ಹಲ್ಲು ಹೋದ್ರ, ಅಲ್ಲಿ ಬ್ಯಾರೆ ಹಲ್ಲು ಕೂಡಸಾಕ ಕಾಕಾ.”

ಈರಮ್ಮನ ನಗು ನಿಂತಿತು. ವೀರಶೆಟ್ಟಪ್ಪನವರು ಸೆಟ್ಟನ್ನು ಹಾಗೆಯೇ ಹಿಡಿದುಕೊಂಡಿದ್ದರು. ಎಷ್ಟು ಹೊತ್ತೋ ಹೇಳಲಾರೆ. ಇಂಥ ಕಡೆ ನೆನಪು ಹೊತ್ತನ್ನು ಯಾವಾಗಲೂ ಹಿಗ್ಗಿಸುತ್ತದೆ.

“ಹೈದರಾಬಾದ್ ಮಂದಿ ಹುಷಾರ್ ಅದಾರ,” ಎಂದರು ಕೊನೆಗೆ. “ನಮ್ಮಪ್ಪನೂ ಹಿಂಗ. ಇನ್ನ ಗಟ್ಟಿಮುಟ್ಟ ಇದ್ದಾಗ ಹೊಲದಾಗ ತನ್ನ ಕುಣಿ ತಾನ ಕಟ್ಟಿಸಿದ್ದ.”

ಅವರು ಲಿಂಗಾಯತರು. ತೀರಿದವರನ್ನು ಕುಣಿಯೊಳಗೆ ಕೂರಿಸಿ ಮಣ್ಣು ಮಾಡುವ ಪದ್ಧತಿ. ಕೆಲವು ಹಿರಿಯರು ಆ ಕುಣಿಯನ್ನು ಜೀವ ಇರುವಾಗಲೇ ಕಟ್ಟಿಸಿಟ್ಟುಕೊಳ್ಳುವುದನ್ನು ನಾನೂ ಕೇಳಿದ್ದೆ.

“ಮತ್ತ?” ಎಂದೆ.

“ಮತ್ತೇನು? ಅಪ್ಪ ಸಾಯಲೇ ಇಲ್ಲ. ಭಾಳ ವರ್ಷ ಅದರಾಗ ಜ್ವಾಳದ ಕಣಕಿ ತುಂಬಿಟ್ಟಿದ್ವಿ, ಎತ್ತಿಗಿ.” ಅವರು ಸೆಟ್ಟನ್ನು ಬಾಯಿಗೆ ಹಾಕಿಕೊಂಡರು. “ಇರ್ಲಿ ಬಿಡ್ರಿ. ಇದೂ ಖಾಲಿ ಇರ್ಲಿ.”

ಬಾಗಿಲ ಬಳಿ ಹೋದಾಗ ಈರಮ್ಮ ಗಂಡನಿಗೆ ಕೇಳುವಂತೆಯೇ ನನಗೆಂದರು, “ಬಾಯಾಗ ಕುಣಿ ಇಟ್ಟು ಕಳಸಾಕತ್ತೀರಿ ನೋಡ್ರಿ ಡಾಕ್ಟರಬಾಯಿ.” ತಮಾಷೆಯೋ ಬೈಗುಳವೋ ಇಂದಿಗೂ ತೀರ್ಮಾನಿಸಲಾಗಿಲ್ಲ.

ಜನವರಿಯಲ್ಲಿ ತೊಗರಿಯ ಸುಗ್ಗಿ. ಒಂದು ಗುರುವಾರ ಕ್ಲಿನಿಕ್ ತೆರೆಯುವ ಮುಂಚೆ ಗಂಜ್‌ಗೆ ಹೋದೆ. ನಾನು ಮಾಡಿದ ಕೆಲಸ ಹೇಗೆ ನಡೆಯುತ್ತಿದೆ ನೋಡುವ ಆಸೆ. ಅಂಗಡಿಯ ಮುಂದೆ ತೊಗರಿಯ ರಾಶಿಗಳು, ಚೀಲ ಹೊರುವ ಹಮಾಲರ ಕೂಗು, ಟ್ರ್ಯಾಕ್ಟರುಗಳ ಹೊಗೆ. ಸಾಹುಕಾರರ ಮಗ ಪ್ರಕಾಶ ಆ ವರ್ಷ ತೇವಾಂಶ ಅಳೆಯುವ ಮೀಟರ್ ತರಿಸಿದ್ದ. ಟಿಫಿನ್ ಡಬ್ಬಿಯಷ್ಟು ದೊಡ್ಡದು. ಅದರೊಳಗೆ ಹಿಡಿ ಕಾಳು ಹಾಕಿ ಒತ್ತಿದರೆ ಮೇಲೆ ಅಂಕಿ ಮೂಡುತ್ತಿತ್ತು.

ಹಳ್ಳಿಖೇಡದ ರೈತನೊಬ್ಬ ಆ ಅಂಕಿಯನ್ನು ಒಪ್ಪುತ್ತಿರಲಿಲ್ಲ. “ಮಿಷನ್ ನಿಮ್ಮದು, ಕಾಳ ನಮ್ಮದು. ನಿಮ್ಮ ಮಿಷನ್ ನಿಮ್ಮ ಮಾತ ಕೇಳ್ತದ. ಕಾಕಾನ ಬಾಯಿಗಿ ಹಾಕ್ರಿ.”

“ಕಂಪನಿ ಮಿಷನ್ ಅದ ಮಾವಾ, ಅದಕ್ಕ ನಾನೂ ಒಂದ, ನೀನೂ ಒಂದ,” ಎಂದ ಪ್ರಕಾಶ.

“ಹಂಗಾದ್ರ ನನ್ನ ಕಡೆ ಒಂದಿಷ್ಟು ಕಮ್ಮಿ ತೋರ್ಸು ಅಂತ ಹೇಳು!”

ಸುತ್ತಲಿದ್ದವರು ನಕ್ಕರು. ವೀರಶೆಟ್ಟಪ್ಪನವರು ಗಾದಿಯಿಂದ ಎದ್ದು ಬಂದರು. ಬಾಯಿಂದ ಸೆಟ್ ತೆಗೆದು ಕರವಸ್ತ್ರದಲ್ಲಿ ಸುತ್ತಿ ಕಿಸೆಗೆ ಹಾಕಿದರು. ರಾಶಿಯ ಒಳಗೆ ಮೊಣಕೈವರೆಗೆ ಕೈ ಇಳಿಸಿ ಕಾಳು ತೆಗೆದರು.

“ಊರ ಮಂದಿ ಹಲ್ಲ ಹಾಕ್ಕೊಂಡು ಕಡೀತದ, ನಮ್ಮ ಕಾಕಾ ಹಲ್ಲ ತಗದು ಕಡೀತಾನ!” ಎಂದು ಹಮಾಲನೊಬ್ಬ ಕೂಗಿದ.

“ಕಿಸೇದಾಗಿಂದು ಹೈದರಾಬಾದಿಂದು, ರೊಟ್ಟಿಗಿ. ಬಾಯಾಗಿಂದು ಹುಮನಾಬಾದಿಂದು, ಕಾಳಿಗಿ. ನಿನಗ ಯಾವ್ದು ಬೇಕಲೇ?” ಎಂದರು ಅವರು. ಕಾಳನ್ನು ಕಡಿದು, ಕಣ್ಣು ಅರ್ಧ ಮುಚ್ಚಿ, ಉಗಿದು, ರೈತನ ಕಡೆ ನೋಡಿದರು. “ಹಸಿ ಅದಪ್ಪ. ಎರಡು ಬಿಸಲ ಬೇಕು.”

ರೈತ ತಲೆಯ ಮೇಲಿನ ಟವೆಲ್ ತೆಗೆದು ಹೆಗಲಿಗೆ ಹಾಕಿಕೊಂಡು ರಾಶಿ ಹರಡಲು ಹೋದ. ಪ್ರಕಾಶನ ಮೀಟರೂ ಹಸಿ ಎಂದೇ ಹೇಳಿತ್ತು. ಅಂಕಿಗೆ ಜಗಳವಾಡಿದವನು ಬಾಯಿಗೆ ಜಗಳವಾಡಲಿಲ್ಲ.

ಅಷ್ಟು ನಿಖರವಾಗಿ ಕೂತ ಸೆಟ್ ಕೆಲಸದ ಹೊತ್ತಿನಲ್ಲಿ ಕಿಸೆಯಲ್ಲಿತ್ತು. ಅಕ್ಕಪಕ್ಕದಲ್ಲಿ ಯಾರ ಆಸರೆಯೂ ಇಲ್ಲದೆ ಆ ಒಂಟಿ ಹಲ್ಲು ಬೆಳಗಿನಿಂದ ಸಂಜೆಯವರೆಗೆ ಕಾಳಿನ ಮೇಲೆ ಬೀಳುತ್ತಿತ್ತು. ಹೊರಡುವಾಗ ಅವರನ್ನು ಪಕ್ಕಕ್ಕೆ ಕರೆದು, ಹಲ್ಲಿಗೆ ಸ್ವಲ್ಪ ವಿಶ್ರಾಂತಿ ಕೊಡಿ, ನೋವು ಬಂದರೆ ಆ ದಿನವೇ ಬನ್ನಿ ಎಂದೆ. “ಬರ್ತೀನ್ರಿ” ಎಂದರು.

ಬರಲಿಲ್ಲ. ಆ ವರ್ಷದ ಹೆಸರುಕಾಳಿನ ಸುಗ್ಗಿ ಮಳೆಗೆ ಸಿಕ್ಕಿತು. ೨೦೦೯ರ ಸೆಪ್ಟೆಂಬರಿನಲ್ಲಿ ಒಂದು ಮಧ್ಯಾಹ್ನ ಪ್ರಕಾಶ ತನ್ನ ಬೈಕಿನ ಹಿಂದೆ ಕೂರಿಸಿಕೊಂಡು ಅವರನ್ನು ಕರೆತಂದ. ಅವರನ್ನು ಒಳಗೆ ಕಳಿಸಿ, ತಾನು ಬಾಗಿಲಲ್ಲಿ ನಿಂತು ದನಿ ತಗ್ಗಿಸಿದ.

“ಮೀಟರ್ ರಿಪೇರಿಗಿ ಹೋಗಿತ್ರಿ ಮೇಡಂ. ಕಾಕಾ ಒಣಗ್ಯಾದ ಅಂದ್ರು, ಖರೀದಿ ಮಾಡಿ ಗೋದಾಮಿನಾಗ ಒಟ್ಟಿದ್ವಿ. ಮೊನ್ನಿ ಚೀಲದಾಗ ಕೈ ಹಾಕಿದ್ರ ಬಿಸಿ. ಒಳಗೆಲ್ಲ ಬೂಸ್ಟು.”

“ಬೈದ್ರೇನು?”

“ಹ್ಯಾಂಗ ಬೈಲ್ರಿ? ನನಗ ತನ್ನ ಹೆಗಲ ಮ್ಯಾಲ ಕುಂಡ್ರಿಸಿಕೊಂಡು ಗಂಜ್ ತೋರ್ಸಿದ ಮನುಷ್ಯಾ.” ಅವನು ಬೈಕಿನ ಕೀಲಿಯನ್ನು ಬೆರಳಲ್ಲಿ ತಿರುಗಿಸುತ್ತಿದ್ದ. “ನಾವು ಯಾರೂ ಏನೂ ಅಂದಿಲ್ಲ. ಅವ್ರೇ ಮಾತ ಬಿಟ್ಟುಬಿಟ್ಟಾರ. ಗಾದಿ ಮ್ಯಾಲ ಕುಂಡ್ರವಲ್ರು, ಮೆಟ್ಟಲ ಮ್ಯಾಲ ಕುಂಡ್ರಾಕತ್ತಾರ.”

ಒಳಗೆ ದೀಪ ಹಾಕಿ ನೋಡಿದೆ. ಒಂಟಿ ಹಲ್ಲಿನ ಸುತ್ತ ವಸಡು ಉಬ್ಬಿ ಕೀವು ತುಂಬಿತ್ತು. ಮುಟ್ಟಿದರೆ ಹಲ್ಲು ಎಲ್ಲ ಕಡೆಗೂ ಬಾಗುತ್ತಿತ್ತು.

“ಎಂದಿನಿಂದ ನೋವು ಕಾಕಾ?”

“ಹೆಸರ ಬರೂಕ್ಕಿಂತ ಮೊದಲಿಂದ.”

“ಮತ್ತ ಯಾಕ ಬರಲಿಲ್ಲ?”

“ಬಂದ್ರ ತಗೀತಿದ್ರಿ.”

ಅವರೇ ಮುಂದುವರಿಸಿದರು. “ಯಾವ ಕಾಳ ಇಟ್ರೂ ಕಲ್ಲ ಕಡದಂಗ ಆಗ್ತಿತ್ತು. ಝುಂ ಅಂತ ತಲಿಗಿ ಏರ್ತಿತ್ತು. ಇಷ್ಟು ಗಟ್ಟಿ ಅದ ಅಂದ್ರ ಒಣಗ್ಯಾದ ಅಂತ ತಿಳದೆ. ಕಾಳ ಗಟ್ಟಿ ಇರಲಿಲ್ರಿ, ಹಲ್ಲ ಹಣ್ಣಾಗಿತ್ತು.”

ಹಲ್ಲು ತೆಗೆಯಲು ಬಲವೇ ಬೇಕಾಗಲಿಲ್ಲ. ಇಕ್ಕಳ ಹಿಡಿದದ್ದಷ್ಟೆ, ಬಂದುಬಿಟ್ಟಿತು. ತಟ್ಟೆಯಲ್ಲಿ ಬಿದ್ದ ಸದ್ದಿಗೆ ಅವರು ಕಣ್ಣು ಮುಚ್ಚಿದರು. ಗಾಯ ಮಾಯಲು ಕೆಲವು ವಾರ ಬಿಟ್ಟು ಮತ್ತೆ ಕರೆಸಿದೆ. ಈ ಸಲ ಈರಮ್ಮನೂ ಬಂದಿದ್ದರು. ಸೆಟ್ಟಿನ ಜಾಳಿಯ ಮೇಲೆ ಕೃತಕ ಹಲ್ಲೊಂದನ್ನು ಇಟ್ಟು, ಅಂಟು ಹಾಕಿ ಗಟ್ಟಿ ಮಾಡಿದೆ. ಶ್ರೀನಿವಾಸ ಪರದೆಯ ಮೇಲೆ ಗುರುತಿಸಿದ್ದ ಜಾಗದಲ್ಲಿ ಅದು ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ ಕೂತಿತು. ಹೈದರಾಬಾದಿಗೆ ಹೋಗುವುದು ಬೇಕಾಗಲಿಲ್ಲ, ಹೊಸ ಅಚ್ಚು ಬೇಕಾಗಲಿಲ್ಲ. ಎಲ್ಲ ಯೋಜನೆಯಂತೆಯೇ ನಡೆಯಿತು.

“ಕುಣಿಯಾಗಿನ ಕಣಕಿ ಖಾಲಿ ಮಾಡಿದ್ವಿ ಅನ್ರಿ,” ಎಂದರು ವೀರಶೆಟ್ಟಪ್ಪನವರು, ನನ್ನ ಕೈಯನ್ನೇ ನೋಡುತ್ತ. ಈರಮ್ಮ ಮುಖ ತಿರುಗಿಸಿಕೊಂಡರು.

ಸೆಟ್ ಹಾಕಿಕೊಂಡ ಮೇಲೆ ಅವರು ಎರಡೂ ಕಿಸೆಗಳಿಂದ ಎರಡು ಹಿಡಿ ಹೆಸರು ಕಾಳು ತೆಗೆದು ನನ್ನ ಮೇಜಿನ ಮೇಲೆ ಬೇರೆ ಬೇರೆಯಾಗಿ ಸುರಿದರು. “ಪ್ರಕಾಶ ಮೀಟರ್ ಹಚ್ಚಿ ಕೊಟ್ಟಾನ. ಈ ಕಡೆದು ಹಸಿ, ಆ ಕಡೆದು ಒಣ. ನೋಡೂಣು.”

ಎಡಗಡೆಯ ರಾಶಿಯಿಂದ ಒಂದು ಕಾಳು ಹೊಸ ಹಲ್ಲಿನ ಮೇಲಿಟ್ಟು ಕಡಿದರು. ಬಲಗಡೆಯದರಿಂದ ಒಂದು. ಮತ್ತೆ ಎಡಗಡೆಯದು. ನಮಗೆ ಕೇಳಿಸುವಷ್ಟು ಜೋರಾಗಿ ಕಾಳು ಒಡೆಯುತ್ತಿತ್ತು. ಅವರು ಹಿಂದಿನಂತೆಯೇ ಕಣ್ಣು ಅರ್ಧ ಮುಚ್ಚಿದರು, ತೆರೆದರು, ಮತ್ತೆ ಮುಚ್ಚಿದರು.

“ಸಪ್ಪಳ ಬರ್ತದ,” ಎಂದರು. “ಸುದ್ದಿ ಬರವಲ್ದು.”

ಈರಮ್ಮ ಗಂಡನ ಬೆನ್ನ ಮೇಲೆ ಕೈಯಿಟ್ಟರು. “ಇರ್ಲಿ ನಡೀರಿ. ರೊಟ್ಟಿ ತಿನ್ನಾಕ ಬರ್ತದಲ್ಲ.”

“ಹೌದು, ರೊಟ್ಟಿ ತಿನ್ನಾಕ ಬರ್ತದ,” ಎಂದರು ಅವರು. ಎದ್ದು, ಟೋಪಿ ಸರಿಮಾಡಿಕೊಂಡು, ನನಗೆ ಶರಣು ಹೇಳಿ ಹೊರಟರು. ಕಾಳು ಮೇಜಿನ ಮೇಲೆ ಹಾಗೆಯೇ ಇತ್ತು. ಎಸೆಯಲು ಮನಸ್ಸಾಗದೆ ಎರಡು ಕಾಗದದ ಪೊಟ್ಟಣ ಕಟ್ಟಿ, ಒಂದರ ಮೇಲೆ ‘ಹಸಿ’, ಇನ್ನೊಂದರ ಮೇಲೆ ‘ಒಣ’ ಎಂದು ಬರೆದು ಡ್ರಾಯರಿನಲ್ಲಿಟ್ಟೆ. ಆ ದಿನದ ದಿನಚರಿಯಲ್ಲಿ ಇರುವುದು ಇಷ್ಟೇ: ‘ಜೋಡಣೆ ಉತ್ತಮ. ಕಚ್ಚುವಿಕೆ ಸಮ. ತೊಂದರೆಯಿಲ್ಲ.’

ಆ ಸುಗ್ಗಿ ಮುಗಿದ ಮೇಲೆ ಅವರು ಗಂಜ್‌ಗೆ ಹೋಗುವುದನ್ನು ಬಿಟ್ಟರು. ಬರಬೇಡಿ ಎಂದು ಯಾರೂ ಹೇಳಲಿಲ್ಲ. ಗಾದಿ ಅವರದೇ ಎಂದು ಪ್ರಕಾಶ ಎರಡು ಮೂರು ಸಲ ಮನೆಗೆ ಹೋಗಿ ಕರೆದನಂತೆ. ವರ್ಷಕ್ಕೊಮ್ಮೆ ಸೆಟ್ ತೋರಿಸಲು ಬರುತ್ತಿದ್ದರು. ಕೆನ್ನೆ ತುಂಬಿತ್ತು, ಅಂಗಿ ಮೈಗೆ ಹತ್ತಿತ್ತು. ಕೊಕ್ಕೆಗಳು ಬಿಗಿಯಾಗಿದ್ದವು, ವಸಡು ಶುಚಿಯಾಗಿತ್ತು. ವೃತ್ತಿಯ ಕಣ್ಣಿನಿಂದ ನೋಡಿದರೆ ನನ್ನ ಕೈಯಿಂದಾದ ಅತ್ಯುತ್ತಮ ಕೆಲಸ ಅದು. ಪ್ರತಿ ಸಲವೂ ಮಾತು ಕಡಿಮೆಯಾಗುತ್ತಿತ್ತು. ಒಮ್ಮೆ, ಸುಗ್ಗಿಯಲ್ಲಿ ಹಗಲೆಲ್ಲ ಏನು ಮಾಡುತ್ತೀರಿ ಎಂದು ಕೇಳಿದೆ. “ಉಣ್ತೀನ್ರಿ” ಎಂದರು. ಒಂದು ವರ್ಷ ಅವರು ಬರಲಿಲ್ಲ. ಆ ವರ್ಷ ಈರಮ್ಮ ಒಬ್ಬರೇ ಬಂದು, ಸೆಟ್ ಅವರ ಬಾಯಲ್ಲೇ ಇತ್ತು, ಹಾಗೆಯೇ ಕುಣಿಯಲ್ಲಿ ಕೂರಿಸಿದೆವು ಎಂದು ಹೇಳಿ ಹೋದರು.

ಆ ಹಲ್ಲಿಗೆ ಕೊಕ್ಕೆ ಹಾಕಿಸಿದ್ದರೆ ಇನ್ನೂ ನಾಲ್ಕು ಸುಗ್ಗಿ ನಿಲ್ಲುತ್ತಿತ್ತೋ, ಇಲ್ಲ ಮೊದಲ ಸುಗ್ಗಿಯಲ್ಲೇ ಬೀಳುತ್ತಿತ್ತೋ ನನಗೆ ತಿಳಿಯದು. ನಿಂತಿದ್ದರೂ ಅದರ ನೆತ್ತಿಯ ಮೇಲೆ ಲೋಹವಿರುತ್ತಿತ್ತು. ಕೆಲವು ವರ್ಷಗಳ ಹಿಂದೆ ಶ್ರೀನಿವಾಸನಿಗೆ ಫೋನ್ ಮಾಡಿ ಆ ಮೊದಲ ವಿನ್ಯಾಸ ಇದೆಯೇ ಎಂದು ಕೇಳಿದೆ. ಫೈಲ್ ಇದೆ, ಅದನ್ನು ತೆರೆಯುವ ಸಾಫ್ಟ್‌ವೇರ್ ಈಗ ಯಾವ ಕಂಪ್ಯೂಟರಿನಲ್ಲೂ ಓಡುವುದಿಲ್ಲ ಎಂದ.

ಈಗ ಡಿಜಿಟಲ್ ವಿನ್ಯಾಸ ನನ್ನ ಕ್ಲಿನಿಕ್ಕಿನಲ್ಲಿ ದಿನನಿತ್ಯದ ಮಾತು. ಅದರ ಮೇಲೆ ನನಗೆ ದೂರಿಲ್ಲ. ಅದು ಹಲ್ಲನ್ನು ನಾನು ನೋಡಬಲ್ಲದ್ದಕ್ಕಿಂತ ಚೆನ್ನಾಗಿ ನೋಡುತ್ತದೆ. ಆ ಹಲ್ಲು ಯಾರ ಬದುಕಿನಲ್ಲಿ ಏನು ಮಾಡುತ್ತಿದೆ ಎಂಬುದು ಅಚ್ಚಿಗೆ ಇಳಿಯುವುದಿಲ್ಲ. ಅಚ್ಚಿಗೆ ಇಳಿಯದ್ದು ಪರದೆಗೂ ಬರುವುದಿಲ್ಲ. ಹಾಗಾಗಿ ಅಚ್ಚು ತೆಗೆಯುವ ಮುಂಚೆ ಈಗ ನಾನು ಒಂದು ಪ್ರಶ್ನೆ ಕೇಳುತ್ತೇನೆ. ಊಟ ಬಿಟ್ಟು ಈ ಹಲ್ಲಿನಿಂದ ಬೇರೆ ಏನು ಕೆಲಸ ಮಾಡುತ್ತೀರಿ? ದರ್ಜಿ ದಾರ ಕಡಿಯುತ್ತಾನೆ. ವೈರ್‌ಮನ್ ತಂತಿಯ ತೊಗಲು ಸುಲಿಯುತ್ತಾನೆ. ಹೂ ಕಟ್ಟುವ ಹೆಂಗಸು ನಾರಿನ ತುದಿಯನ್ನು ಹಲ್ಲಿನಲ್ಲಿ ಹಿಡಿದಿರುತ್ತಾಳೆ. ಉತ್ತರ ತಿಳಿದ ಮಾತ್ರಕ್ಕೆ ಹಲ್ಲನ್ನು ಉಳಿಸಲು ಆಗುತ್ತದೆಂದಲ್ಲ. ಹೆಚ್ಚಿನ ಸಲ ಆಗುವುದಿಲ್ಲ. ತೆಗೆಯುವಾಗ ಏನನ್ನು ತೆಗೆಯುತ್ತಿದ್ದೇನೆಂದು ತಿಳಿದಿರುತ್ತದೆ, ಅಷ್ಟೆ.

ಇದನ್ನು ಬರೆಯಲು ಕೂರುವ ಮುಂಚೆ ಆ ಎರಡು ಪೊಟ್ಟಣ ಹುಡುಕಿ ಬಿಡಿಸಿದೆ. ಮುಕ್ಕಾಲು ಪಾಲು ಹುಳ ತಿಂದು ಪುಡಿಯಾಗಿತ್ತು. ಆರಿಸಿ ಎರಡರಿಂದಲೂ ಒಂದೊಂದು ಗಟ್ಟಿ ಕಾಳು ತೆಗೆದು, ನನ್ನ ದವಡೆ ಹಲ್ಲುಗಳ ನಡುವೆ ಇಟ್ಟು ಕಡಿದೆ. ನನ್ನ ಹಲ್ಲುಗಳೆಲ್ಲ ಇನ್ನೂ ಇವೆ. ಎರಡೂ ಒಂದೇ ರೀತಿ ಒಡೆದವು. ಇಷ್ಟು ವರ್ಷಗಳಲ್ಲಿ ಹಸಿಯದೂ ಒಣಗಿ ಎರಡೂ ಒಂದಾಗಿವೆಯೋ, ಅಥವಾ ನನ್ನ ಹಲ್ಲಿಗೆ ಆ ಸುದ್ದಿ ಎಂದೂ ಬರುತ್ತಲೇ ಇರಲಿಲ್ಲವೋ, ಕೇಳೋಣವೆಂದರೆ ಈಗ ಅವರಿಲ್ಲ.